ಕ್ಯಾಸ್ಕೇಡ್ ಪರ್ವತಗಳ ಬೇಸಿಗೆ ಸ್ಕೀಯಿಂಗ್

ಚಳಿಗಾಲದ ಹಿಮ ಪೂರ್ತಿ ಕರಗುವ ಮುನ್ನ, ಜೂನ್‌ನಿಂದ ಅಕ್ಟೋಬರ್‌ವರೆಗೆ, ಎತ್ತರದ ಹಿಮಬಯಲು ಮತ್ತು ಹಿಮನದಿಗಳನ್ನು ಕಾಲ್ನಡಿಗೆಯಲ್ಲೇ ಹತ್ತಿ ಸ್ಕೀ ತೊಟ್ಟು ಇಳಿಯುವ ಪರ್ವತ ಕ್ರೀಡೆ. ಬ್ಯಾಕ್‌ಕಂಟ್ರಿ ಸ್ಕೀಯಿಂಗ್‌ನ ಒಂದು ಕವಲು. ಮೇಲಕ್ಕೆ ಒಯ್ಯುವ ಲಿಫ್ಟ್ ಆಗಲಿ, ಯಂತ್ರ ಹಾಯಿಸಿ ಸಮ ಮಾಡಿದ ಇಳಿಜಾರಾಗಲಿ, ಬಿದ್ದವರನ್ನು ಎತ್ತಿ ತರುವ ಗಸ್ತಿನವರಾಗಲಿ ಇಲ್ಲಿಲ್ಲ. ಆಲ್ಪ್ಸ್ ಮತ್ತು ನಾರ್ವೆಯಲ್ಲೂ ಬೇಸಿಗೆಯಲ್ಲಿ ಸ್ಕೀ ಮಾಡುವವರಿದ್ದಾರೆ. ಆದರೆ ಅದು ಒಂದು ಜನರೂಢಿಯಾಗಿ ಗಟ್ಟಿಯಾಗಿ ನೆಲೆಯೂರಿರುವುದು ಅಮೆರಿಕದ ವಾಯವ್ಯ ಮೂಲೆಯಲ್ಲಿ, ವಾಷಿಂಗ್ಟನ್ ಮತ್ತು ಆರೆಗಾನ್ ರಾಜ್ಯಗಳ ಕ್ಯಾಸ್ಕೇಡ್ ಶ್ರೇಣಿಯಲ್ಲಿ. ವರ್ಷದ ಹನ್ನೆರಡು ತಿಂಗಳೂ, ತಿಂಗಳಿಗೊಮ್ಮೆಯಾದರೂ ಸ್ಕೀ ಮಾಡಲೇಬೇಕೆಂದು ವ್ರತ ಹಿಡಿದವರು ಅಲ್ಲಿ ಬಹಳ ಮಂದಿ. ಅದನ್ನು ದಶಕಗಳ ಕಾಲ ಬಿಡದೆ ನಡೆಸಿಕೊಂಡು ಬಂದವರೂ ಇದ್ದಾರೆ.

ಈ ವ್ರತಕ್ಕೆ ಕಂಟಕ ಬರುವುದು ಹೊರಗಿನವರು ಊಹಿಸುವಂತೆ ಜುಲೈನ ಬಿಸಿಲಿನಲ್ಲಲ್ಲ. ಜುಲೈನಲ್ಲಿ ಹಿಮ ಧಾರಾಳವಾಗಿರುತ್ತದೆ. ಕಷ್ಟದ ತಿಂಗಳುಗಳು ಸೆಪ್ಟೆಂಬರ್ ಮತ್ತು ಅಕ್ಟೋಬರ್. ಆ ವೇಳೆಗೆ ಆ ವರ್ಷದ ಹಿಮ ಬಹುತೇಕ ಹರಿದುಹೋಗಿರುತ್ತದೆ, ಹೊಸ ಹಿಮ ಇನ್ನೂ ಬಿದ್ದಿರುವುದಿಲ್ಲ. ಕಾಲಡಿ ಉಳಿದಿರುವುದು ಹಿಂದಿನ ವರ್ಷಗಳು ಕೂಡಿಟ್ಟ ಹಳೆಯ ಹಿಮ. ಹಿಮನದಿಗಳು ಕುಗ್ಗುತ್ತಿರುವುದರ ಪೆಟ್ಟು ಈ ಕ್ರೀಡೆಯ ಮೇಲೆ ಮೊದಲು ಬಿದ್ದಿರುವುದು ಈ ಎರಡು ತಿಂಗಳುಗಳ ಮೂಲಕ.

ನೆಲ ಮತ್ತು ಹವೆ

ಕ್ಯಾಸ್ಕೇಡ್ ಶ್ರೇಣಿ ಕೆನಡಾದ ಬ್ರಿಟಿಷ್ ಕೊಲಂಬಿಯಾದಿಂದ ಉತ್ತರ ಕ್ಯಾಲಿಫೋರ್ನಿಯಾದವರೆಗೆ, ಪೆಸಿಫಿಕ್ ಕರಾವಳಿಗೆ ಸಮಾನಾಂತರವಾಗಿ ಸುಮಾರು 1,100 ಕಿ.ಮೀ. ಹಬ್ಬಿದೆ. ಮಧ್ಯಮ ಎತ್ತರದ ಬೆಟ್ಟಸಾಲುಗಳ ನಡುವೆ ಅಲ್ಲೊಂದು ಇಲ್ಲೊಂದು ಜ್ವಾಲಾಮುಖಿ ತಲೆಯೆತ್ತಿ ನಿಂತಿದೆ: ರೇನಿಯರ್ (4,392 ಮೀ.), ಆ್ಯಡಮ್ಸ್ (3,743 ಮೀ.), ಹುಡ್ (3,429 ಮೀ.), ಬೇಕರ್ (3,286 ಮೀ.), ಸೇಂಟ್ ಹೆಲೆನ್ಸ್ (2,549 ಮೀ.). ಬೇಸಿಗೆ ಸ್ಕೀಯಿಂಗ್ ನಡೆಯುವುದು ಹೆಚ್ಚಾಗಿ ಈ ಬೆಂಕಿಬೆಟ್ಟಗಳ ಮೈಮೇಲೆ. ಅವುಗಳ ಇಳಿಜಾರು ಅಗಲ, ಏಕರೀತಿ, ಮರವಿಲ್ಲದ್ದು. ತಳದವರೆಗೆ ರಸ್ತೆಯೂ ಇದೆ.

ಪೆಸಿಫಿಕ್‌ನಿಂದ ಬರುವ ತೇವದ ಗಾಳಿ ಈ ಗೋಡೆಗೆ ಬಂದು ಮೇಲೇರಿ ತಣಿದು ತನ್ನ ನೀರನ್ನು ಇಳಿಸುತ್ತದೆ. ರೇನಿಯರ್‌ನ ದಕ್ಷಿಣ ಮಗ್ಗುಲಿನ ಪ್ಯಾರಡೈಸ್ ಎಂಬ ತಾಣದಲ್ಲಿ (1,650 ಮೀ.) ವರ್ಷಕ್ಕೆ ಸರಾಸರಿ 16 ಮೀಟರಿನಷ್ಟು ಹಿಮ ಬೀಳುತ್ತದೆ, 1971–72ರಲ್ಲಿ 28.5 ಮೀ. ಬಿದ್ದಿತ್ತು. ಬೇಕರ್ ಪರ್ವತದ ಸ್ಕೀ ತಾಣದಲ್ಲಿ 1998–99ರಲ್ಲಿ ಅಳೆದ 28.96 ಮೀ. ಹಿಮ ಒಂದು ಋತುವಿನ ವಿಶ್ವದಾಖಲೆ. ಸಮುದ್ರಕ್ಕೆ ಹತ್ತಿರವಾದ್ದರಿಂದ ಈ ಹಿಮ ಒದ್ದೆ, ಭಾರ. ಕೊಲರಾಡೋದ ಹಗುರ ಪುಡಿಹಿಮಕ್ಕೆ ಒಗ್ಗಿದವರು ಇದನ್ನು ‘ಕ್ಯಾಸ್ಕೇಡ್ ಕಾಂಕ್ರೀಟ್’ ಎಂದು ಗೇಲಿ ಮಾಡುತ್ತಾರೆ. ಜನವರಿಯಲ್ಲಿ ಆ ಗೇಲಿ ನ್ಯಾಯವೇ. ಆದರೆ ಜುಲೈನಲ್ಲಿ ಸ್ಕೀ ಮಾಡುವವರ ಬಂಡವಾಳ ಅದೇ ಕಾಂಕ್ರೀಟು: ಅದು ಒತ್ತಾಗಿ ಕೂತಿರುತ್ತದೆ, ಬೇಗ ಕರಗುವುದಿಲ್ಲ.

ಹಿಮ ಹೇರಳವಾಗಿ ಬಿದ್ದರಷ್ಟೇ ಸಾಲದು, ಬೇಸಿಗೆ ಒಣಗಿಯೂ ಇರಬೇಕು. ಜುಲೈ ಮತ್ತು ಆಗಸ್ಟ್‌ನಲ್ಲಿ ಸಾಗರದ ಮೇಲೆ ಅಧಿಕ ಒತ್ತಡದ ವಲಯ ನೆಲೆಸಿ ಮಳೆ ಮೋಡಗಳನ್ನು ಉತ್ತರಕ್ಕೆ ತಳ್ಳುತ್ತದೆ. ಹಗಲು ನಿಚ್ಚಳ, ರಾತ್ರಿ ನಕ್ಷತ್ರ ತುಂಬಿದ ಆಕಾಶ. ಮೋಡವಿಲ್ಲದ ರಾತ್ರಿಯಲ್ಲಿ ಹಿಮದ ಮೈ ತನ್ನ ಶಾಖವನ್ನು ನೇರ ಆಕಾಶಕ್ಕೆ ಚೆಲ್ಲುವುದರಿಂದ, ಗಾಳಿಯ ಉಷ್ಣತೆ ಶೂನ್ಯಕ್ಕಿಂತ ಎರಡು ಮೂರು ಡಿಗ್ರಿ ಮೇಲಿದ್ದರೂ ಮೇಲ್ಪದರ ಹೆಪ್ಪುಗಟ್ಟಬಲ್ಲುದು. ಮೋಡ ಮುಚ್ಚಿದ ರಾತ್ರಿಯಲ್ಲಿ ಇದು ಆಗುವುದಿಲ್ಲ. ಬೇಸಿಗೆಯ ಸ್ಕೀಯಿಂಗ್ ಪೂರ್ತಿ ನಿಂತಿರುವುದು ಈ ರಾತ್ರಿಯ ಹೆಪ್ಪಿನ ಮೇಲೆ.

ಹಿಮದ ಹದ

ವಸಂತದಲ್ಲಿ ಬಿಸಿಲು ಹಿಮವನ್ನು ನೆನೆಸುತ್ತದೆ, ರಾತ್ರಿ ಮತ್ತೆ ಕಟ್ಟಿಸುತ್ತದೆ. ಇದು ಹಲವು ವಾರ ನಡೆದ ಮೇಲೆ ಮೂಲ ಹರಳುಗಳ ಕವಲುಗಳೆಲ್ಲ ಸವೆದು, ಸಣ್ಣ ಕಣಗಳು ಕರಗಿ ದೊಡ್ಡವಕ್ಕೆ ಅಂಟಿ, ಕೊನೆಗೆ ನೆನೆಸಿದ ಸಬ್ಬಕ್ಕಿಯಂಥ ದುಂಡು ಕಾಳುಗಳ ರಾಶಿಯಾಗುತ್ತದೆ. ಸ್ಕೀ ಮಾಡುವವರು ಇದನ್ನು ಕಾರ್ನ್ ಎನ್ನುತ್ತಾರೆ. ಬೆಳಗಿನ ಜಾವ ಕಾಳುಗಳು ಒಂದಕ್ಕೊಂದು ಬೆಸೆದು ಗಟ್ಟಿ ಹಲಗೆಯಾಗಿರುತ್ತವೆ. ಸ್ಕೀಯ ಅಂಚು ಕರಕರನೆ ಕೆರೆದರೂ ಹಿಡಿಯುವುದಿಲ್ಲ. ಬಿಸಿಲು ಬಿದ್ದು ಮೇಲಿನ ಒಂದೆರಡು ಅಂಗುಲವಷ್ಟೇ ಸಡಿಲಗೊಂಡಾಗ ಹದ ಬರುತ್ತದೆ. ಮೆತ್ತನೆಯ ಮೇಲ್ಪದರ, ಅದರ ಕೆಳಗೆ ಗಟ್ಟಿ ತಳ. ಇದಕ್ಕಿಂತ ಸುಲಭವಾಗಿ ತಿರುಗಿಸಬಹುದಾದ ಹಿಮ ಮತ್ತೊಂದಿಲ್ಲ. ಒಂದೆರಡು ಗಂಟೆ ಕಳೆದರೆ ಪಾದ ಹರಡಿನವರೆಗೆ ಹೂತುಹೋಗುತ್ತದೆ. ಆಮೇಲೆ ಅದು ಬರೀ ಕೆಸರು, ಕಡಿದಾದ ಕಡೆ ಅಪಾಯವೂ ಹೌದು.

ಆದ್ದರಿಂದ ಇಳಿಜಾರು ಯಾವ ದಿಕ್ಕಿಗಿದೆ ಎಂಬುದರ ಮೇಲೆ ಗಡಿಯಾರ ನಿಗದಿಯಾಗುತ್ತದೆ. ಪೂರ್ವಕ್ಕೆ ಮುಖ ಮಾಡಿದ್ದು ಬೆಳಿಗ್ಗೆಯೇ, ದಕ್ಷಿಣದ್ದು ನಡುಹಗಲ ಸುಮಾರಿಗೆ, ಪಶ್ಚಿಮದ್ದು ಮಧ್ಯಾಹ್ನ ಹದಕ್ಕೆ ಬರುತ್ತದೆ. ಅನುಭವಸ್ಥರು ಶಿಖರದ ಮೇಲೆ ಬೂಟಿನ ಹಿಮ್ಮಡಿಯಿಂದ ಹಿಮವನ್ನು ಗುದ್ದಿ ನೋಡುತ್ತ, ಗಂಟೆಗಟ್ಟಲೆ ಕಾಯುವುದುಂಟು. ಅವಸರಪಟ್ಟು ಮುಂಚೆ ಇಳಿದವರು ತಗಡಿನ ಮೇಲೆ ಜಾರಿದಷ್ಟು ಸುಖ ಪಡುತ್ತಾರೆ.

ಜುಲೈ ಕಳೆದಂತೆ ಹಿಮದ ಮೈ ಒರಟಾಗುತ್ತದೆ. ಬಿಸಿಲು ಮತ್ತು ಒಣಗಾಳಿ ಸೇರಿ ಮೇಲ್ಮೈಯನ್ನು ಬಟ್ಟಲು ಬಟ್ಟಲಾಗಿ ಕೊರೆಯುತ್ತವೆ. ಬಟ್ಟಲಿನ ಒಳಗೋಡೆಗಳು ಬಿಸಿಲನ್ನು ಒಂದರಿಂದೊಂದಕ್ಕೆ ಪ್ರತಿಫಲಿಸುವುದರಿಂದ ಗುಂಡಿಗಳು ಇನ್ನಷ್ಟು ಆಳವಾಗುತ್ತವೆ. ಆಗಸ್ಟ್ ಕೊನೆಗೆ ಕೆಲವೆಡೆ ಅವು ಮೊಣಕಾಲೆತ್ತರ ಮುಟ್ಟುತ್ತವೆ. ಇದೇ ಕ್ರಿಯೆ ಆ್ಯಂಡಿಸ್ ಪರ್ವತಗಳಲ್ಲಿ ಆಳೆತ್ತರದ ಹಿಮದ ಈಟಿಗಳನ್ನು ಎಬ್ಬಿಸುತ್ತದೆ. ಚಾರ್ಲ್ಸ್ ಡಾರ್ವಿನ್ 1835ರಲ್ಲಿ ಅವನ್ನು ಕಂಡು ಬರೆದಿದ್ದಾನೆ. ಕ್ಯಾಸ್ಕೇಡ್‌ನ ಬಟ್ಟಲುಗಳ ಮೇಲೆ ಸ್ಕೀ ಮಾಡುವುದೆಂದರೆ ಹಲ್ಲು ಕಟಕಟಿಸುವ ಕೆಲಸ. ಆಗಸ್ಟಿನ ಸ್ಕೀಯಿಂಗ್ ಅಷ್ಟೇನೂ ಚೆನ್ನಾಗಿರುವುದಿಲ್ಲ ಎಂಬುದನ್ನು ವ್ರತಸ್ಥರೂ ಒಪ್ಪುತ್ತಾರೆ.

ಹಳೆಯ ಹಿಮ ಬೆಳ್ಳಗೂ ಇರುವುದಿಲ್ಲ. ತಪ್ಪಲಿನ ಕೋನಿಫರ್ ಕಾಡುಗಳಿಂದ ಹಾರಿ ಬಂದ ಪರಾಗ, ಜ್ವಾಲಾಮುಖಿಯ ಧೂಳು, ಕಾಳ್ಗಿಚ್ಚಿನ ಬೂದಿ ಅದರ ಮೇಲೆ ಕೂರುತ್ತವೆ. ಪರಾಗ ಸ್ಕೀಯ ತಳಕ್ಕೆ ಗೋಂದಿನ ಹಾಗೆ ಅಂಟಿ ವೇಗವನ್ನು ಕೊಲ್ಲುವುದರಿಂದ ಜೂನ್‌ನಲ್ಲಿ ಇಳಿದವರು ಮನೆಗೆ ಬಂದು ಮೊದಲು ಮಾಡುವುದು ತಳ ಉಜ್ಜುವ ಕೆಲಸ. ಅಲ್ಲಲ್ಲಿ ಹಿಮ ನಸುಗೆಂಪಾಗಿ ಕಾಣುತ್ತದೆ. ಅದು ಹಿಮದಲ್ಲೇ ಬದುಕುವ ಒಂದು ಬಗೆಯ ಪಾಚಿ. ತೀಕ್ಷ್ಣ ಬಿಸಿಲಿನಿಂದ ರಕ್ಷಣೆಗಾಗಿ ಅದು ಕೆಂಪು ವರ್ಣದ್ರವ್ಯವನ್ನು ತುಂಬಿಕೊಂಡಿರುತ್ತದೆ. ಬಣ್ಣ ನೋಡಲು ಚೆಂದ, ಪರಿಣಾಮ ಕೆಟ್ಟದ್ದು. ಹೊಸ ಹಿಮ ಬಿಸಿಲಿನ ಶೇ. 80ಕ್ಕಿಂತ ಹೆಚ್ಚನ್ನು ಹಿಂದಕ್ಕೆ ಕಳಿಸುತ್ತದೆ. ಕೊಳೆಯಾದ ಹಳೆಯ ಹಿಮ ಅರ್ಧದಷ್ಟನ್ನು ಮಾತ್ರ. ಬರಿಯ ಮಂಜುಗಡ್ಡೆ ಅದಕ್ಕಿಂತಲೂ ಕಡಿಮೆ. ಬಣ್ಣ ಕೆಟ್ಟಷ್ಟೂ ಕರಗುವಿಕೆ ಜೋರಾಗುತ್ತದೆ.

ಒಂದು ಬೇಸಿಗೆ ಪೂರ್ತಿ ದಾಟಿ ಉಳಿದ ಹಿಮಕ್ಕೆ ಫರ್ನ್ ಎಂದು ಹೆಸರು. ವರ್ಷ ವರ್ಷದ ಫರ್ನ್ ಪದರಗಳು ಒಂದರ ಮೇಲೊಂದು ಕೂತು, ನಡುವಿನ ಗಾಳಿ ಹೊರಹೋಗಿ, ಮಂಜುಗಡ್ಡೆಯಾಗಿ, ತನ್ನ ಭಾರಕ್ಕೆ ತಾನೇ ಮೆಲ್ಲಗೆ ಕೆಳಕ್ಕೆ ಚಲಿಸತೊಡಗಿದರೆ ಅದು ಹಿಮನದಿ. ಚಲಿಸದೆ ಕೂತದ್ದು ಹಿಮಬಯಲು. ಸೆಪ್ಟೆಂಬರ್‌ನಲ್ಲಿ ಸ್ಕೀ ಮಾಡಲು ಬೇಕಾಗಿರುವುದು ಫರ್ನ್. ಅದೂ ಕರಗಿ ಕೆಳಗಿನ ನೀಲಿ ಬೂದು ಮಂಜುಗಡ್ಡೆ ಬಯಲಾದರೆ ಸ್ಕೀಗೆ ಅಲ್ಲಿ ಕೆಲಸವಿಲ್ಲ.

ಇತಿಹಾಸ

ಈ ಭಾಗಕ್ಕೆ ಸ್ಕೀ ತಂದವರು ನಾರ್ವೆ, ಸ್ವೀಡನ್‌ಗಳಿಂದ ಬಂದ ವಲಸಿಗರು. 1917ರ ಜುಲೈನಲ್ಲಿ ಪ್ಯಾರಡೈಸ್‌ನಲ್ಲಿ ಸ್ಕೀ ಜಿಗಿತದ ಸ್ಪರ್ಧೆಯೊಂದು ನಡೆಯಿತು. ಗೆದ್ದವಳು ಓಲ್ಗಾ ಬೋಲ್‌ಸ್ಟಾಡ್ ಎಂಬ ನಾರ್ವೆ ಮೂಲದ ಯುವತಿ. ಮುಂದಿನ ಕೆಲವು ವರ್ಷಗಳಲ್ಲೂ ಅಲ್ಲಿ ನಡುಬೇಸಿಗೆಯ ಸ್ಪರ್ಧೆಗಳು ನಡೆದವು. ಅಮೆರಿಕದ ಈ ಮೂಲೆಯಲ್ಲಿ ಸ್ಕೀಯಿಂಗ್ ಬೇಸಿಗೆಯ ಆಟವಾಗಿಯೂ ಶುರುವಾದದ್ದಕ್ಕೆ ಕಾರಣ ಸರಳ: ಆಗ ಚಳಿಗಾಲದಲ್ಲಿ ಪ್ಯಾರಡೈಸ್‌ವರೆಗೆ ವಾಹನ ಹೋಗುವಂತಿರಲಿಲ್ಲ.

ಎತ್ತರದ ಶಿಖರಗಳನ್ನು ಸ್ಕೀ ಮೇಲೆ ಏರುವ ಹುಮ್ಮಸ್ಸು 1930ರ ದಶಕದ್ದು. 1930ರಲ್ಲಿ ಬೇಕರ್, 1932ರಲ್ಲಿ ಆ್ಯಡಮ್ಸ್ ಹೀಗೆ ಸಾಧ್ಯವಾದವು. 1934ರ ಏಪ್ರಿಲ್‌ನಲ್ಲಿ ರೇನಿಯರ್‌ನ ಮೇಲ್ಭಾಗದಲ್ಲಿರುವ ಮ್ಯೂರ್ ಶಿಬಿರದಿಂದ ಪ್ಯಾರಡೈಸ್‌ವರೆಗೆ ‘ಸಿಲ್ವರ್ ಸ್ಕೀಸ್’ ಎಂಬ ಓಟ ಏರ್ಪಟ್ಟಿತು. ಅರವತ್ತರ ಹತ್ತಿರ ಮಂದಿ ಒಮ್ಮೆಗೇ ಹೊರಟರು. ಸುಮಾರು 1,400 ಮೀಟರ್ ಇಳಿತ, ನಿಯಂತ್ರಣ ದ್ವಾರಗಳು ಇಲ್ಲವೆನ್ನುವಷ್ಟು ಕಡಿಮೆ. ಡಾನ್ ಫ್ರೇಸರ್ ಸುಮಾರು 11 ನಿಮಿಷಗಳಲ್ಲಿ ಕೆಳಗೆ ಬಂದು ಗೆದ್ದ. ಒಟ್ಟಿಗೆ ಹೊರಡಿಸಿದರೆ ಏನಾಗುತ್ತದೆ ಎಂಬುದನ್ನು ಆ ದಿನದ ಢಿಕ್ಕಿಗಳೇ ಹೇಳಿದ್ದರಿಂದ ಮುಂದೆ ಒಬ್ಬೊಬ್ಬರನ್ನೇ ಬಿಡುವ ಪದ್ಧತಿ ಬಂತು. ಡಾನ್ ಫ್ರೇಸರ್‌ನನ್ನು ಮದುವೆಯಾದ, ಟಕೋಮಾ ನಗರದ ಗ್ರೆಚೆನ್ ಫ್ರೇಸರ್ 1948ರ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಸ್ಲಾಲಮ್ ಗೆದ್ದು, ಸ್ಕೀಯಿಂಗ್‌ನಲ್ಲಿ ಅಮೆರಿಕಕ್ಕೆ ಮೊದಲ ಚಿನ್ನ ತಂದಳು. ಆಕೆ ಸ್ಕೀ ಕಲಿತದ್ದೂ ಇದೇ ಇಳಿಜಾರಿನಲ್ಲಿ.

ಸಿಗರ್ಡ್ ಹಾಲ್ ಎಂಬಾತ 1939ರ ಜುಲೈನಲ್ಲಿ ರೇನಿಯರ್‌ನ ತುದಿಯವರೆಗೆ ಸ್ಕೀ ಕಳಚದೆ ಹತ್ತಿದ ಮೊದಲಿಗ. ಮರುವರ್ಷ ಸಿಲ್ವರ್ ಸ್ಕೀಸ್ ಓಟದಲ್ಲಿ ಮಂಜು ಕವಿದು ದಾರಿ ಕಾಣದೆ ಬಂಡೆಗೆ ಬಡಿದು ಸತ್ತ. ಆ ಪರ್ವತದ ಗುಣ ತಿಳಿಯಲು ಈ ಎರಡು ವರ್ಷಗಳ ಕತೆ ಸಾಕು. ಶಿಖರದಿಂದ ಸ್ಕೀ ಮೇಲೆ ಇಳಿಯುವುದು ಸಾಧ್ಯವಾದದ್ದು 1948ರ ಜುಲೈನಲ್ಲಿ. ನಾಲ್ವರ ತಂಡ ಎಮ್ಮನ್ಸ್ ಹಿಮನದಿಯ ಮೇಲಿಂದ ಇಳಿಯಿತು. ಆ ನಡುವೆ ಎರಡನೇ ಮಹಾಯುದ್ಧಕ್ಕೆ ತಯಾರಾಗುತ್ತಿದ್ದ ಅಮೆರಿಕ ಸೇನೆಯ ಪರ್ವತ ಪಡೆ ಪ್ಯಾರಡೈಸ್‌ನಲ್ಲಿ ಬೀಡುಬಿಟ್ಟು ತರಬೇತಿ ಪಡೆದಿತ್ತು. ಯುದ್ಧಾನಂತರ ಅಗ್ಗವಾಗಿ ಮಾರಾಟಕ್ಕೆ ಬಂದ ಸೇನೆಯ ಸ್ಕೀ, ಟೆಂಟು, ಬೂಟುಗಳು ಒಂದು ಇಡೀ ತಲೆಮಾರನ್ನು ಬೆಟ್ಟಕ್ಕೆ ಕಳಿಸಿದವು. ಈ ಚರಿತ್ರೆಯನ್ನು ವರ್ಷಗಟ್ಟಲೆ ಹುಡುಕಿ ಜೋಡಿಸಿದವರು ಲೋವೆಲ್ ಸ್ಕೂಗ್. ಅವರ ‘ರಿಟನ್ ಇನ್ ದ ಸ್ನೋಸ್’ ಪುಸ್ತಕ 2021ರಲ್ಲಿ ಪ್ರಕಟವಾಯಿತು.

ಮುಖ್ಯ ತಾಣಗಳು

ಬೇಸಿಗೆ ಸ್ಕೀಯಿಂಗ್‌ನ ಹೆದ್ದಾರಿ ಎನ್ನಬಹುದಾದದ್ದು ರೇನಿಯರ್‌ನ ಮ್ಯೂರ್ ಹಿಮಬಯಲು. ಪ್ಯಾರಡೈಸ್‌ನಿಂದ ಮ್ಯೂರ್ ಶಿಬಿರಕ್ಕೆ (ಸುಮಾರು 3,100 ಮೀ.) ಏಳು ಕಿ.ಮೀ. ದಾರಿ, 1,400 ಮೀಟರಿಗೂ ಮಿಕ್ಕ ಏರು. ಜುಲೈ ಕೊನೆಯಲ್ಲಿ ಇದರ ಕೆಳಭಾಗ ಹೂಗಳ ಹುಲ್ಲುಗಾವಲು. ಚಪ್ಪಲಿ ಮೆಟ್ಟಿ ಐಸ್‌ಕ್ರೀಮ್ ತಿನ್ನುತ್ತ ಬರುವ ಪ್ರವಾಸಿಗರ ನಡುವೆ, ಬೆನ್ನಚೀಲದ ಎರಡೂ ಮಗ್ಗುಲಿಗೆ ಸ್ಕೀ ಕಟ್ಟಿ, ಬೂಟನ್ನು ಚೀಲಕ್ಕೆ ತೂಗುಹಾಕಿ, ಓಟದ ಶೂ ಧರಿಸಿ ಹತ್ತುವವರು ಕಾಣುತ್ತಾರೆ. ‘ಹಿಮ ಎಲ್ಲಿದೆ?’ ಎಂದು ಕೇಳಿಸಿಕೊಳ್ಳದೆ ಆ ದಾರಿಯನ್ನು ದಾಟಿದವರು ಕಡಿಮೆ. ಪೆಬಲ್ ಕ್ರೀಕ್ ಎಂಬ ತೊರೆ ದಾಟಿದ ಮೇಲೆ, ಸುಮಾರು 2,200 ಮೀಟರಿನಿಂದ ಹಿಮಬಯಲು ತೊಡಗುತ್ತದೆ. ಅಲ್ಲಿ ಶೂ ಚೀಲಕ್ಕೆ ಹೋಗುತ್ತದೆ, ಬೂಟು ಕಾಲಿಗೆ ಬರುತ್ತದೆ. ಸ್ಕೀಯ ತಳಕ್ಕೆ ನೈಲಾನ್ ಅಥವಾ ಮೊಹೇರ್ ನಾರಿನ ಪಟ್ಟಿ ಅಂಟಿಸುತ್ತಾರೆ. ಅದರ ಕೂದಲು ಹಿಂದಕ್ಕೆ ವಾಲಿರುವುದರಿಂದ ಸ್ಕೀ ಮುಂದಕ್ಕೆ ಜಾರುತ್ತದೆ, ಹಿಂದಕ್ಕೆ ಜಾರದು. ಹಿಂದೆ ಇದಕ್ಕೆ ಸೀಲ್ ಪ್ರಾಣಿಯ ಚರ್ಮ ಬಳಸುತ್ತಿದ್ದರು. ಬೂಟನ್ನು ಸ್ಕೀಗೆ ಸೇರಿಸುವ ಬೈಂಡಿಂಗ್ ಹತ್ತುವಾಗ ಹಿಮ್ಮಡಿಯನ್ನು ಬಿಡುತ್ತದೆ, ಇಳಿಯುವಾಗ ಬಿಗಿಹಿಡಿಯುತ್ತದೆ. ಗಟ್ಟಿ ಹಿಮದಲ್ಲಿ ಪಾದದಡಿ ಹಲ್ಲುಳ್ಳ ಲೋಹದ ತಗಡು ಸಿಕ್ಕಿಸಿಕೊಳ್ಳುತ್ತಾರೆ. ಮೇಲಿನ ಶಿಬಿರದಲ್ಲಿ 1916 ಮತ್ತು 1921ರಲ್ಲಿ ಕಟ್ಟಿದ ಕಲ್ಲಿನ ಗುಡಿಸಲುಗಳಿವೆ. 1888ರಲ್ಲಿ ಇಲ್ಲಿ ತಂಗಿ ಶಿಖರವೇರಿದ ನಿಸರ್ಗ ಲೇಖಕ ಜಾನ್ ಮ್ಯೂರ್‌ನ ಹೆಸರನ್ನು ಶಿಬಿರಕ್ಕೆ ಇಟ್ಟಿದ್ದಾರೆ.

ಜೂನ್ ಮತ್ತು ಜುಲೈ ಮೊದಲ ವಾರಗಳಲ್ಲಿ ಜನ ಹೆಚ್ಚು ಬಯಸುವುದು ಆ್ಯಡಮ್ಸ್ ಪರ್ವತದ ನೈರುತ್ಯದ ಇಳಿಜಾರುಗಳನ್ನು. ಪೈಕರ್ಸ್ ಪೀಕ್ ಎಂಬ ಹುಸಿಶಿಖರದ ಬಳಿಯಿಂದ ಸುಮಾರು 1,200 ಮೀ. ಒಂದೇ ಓಟದಲ್ಲಿ ಇಳಿಯಬಹುದು. ಇಡೀ ಶ್ರೇಣಿಯಲ್ಲಿ ಇಷ್ಟು ಉದ್ದನೆಯ, ಇಷ್ಟು ಸಮನಾದ ಕಾರ್ನ್ ಇಳಿಜಾರು ಇನ್ನೊಂದು ಸಿಗುವುದು ಕಷ್ಟ. ಸುಖಕ್ಕೆ ಮರುಳಾಗಿ ತೀರ ಕೆಳಗೆ ಹೋದವರು ಎಡಕ್ಕೆ ತಿರುಗುವ ಜಾಗ ತಪ್ಪಿ, 2012ರ ಕಾಳ್ಗಿಚ್ಚಿನಲ್ಲಿ ಸುಟ್ಟು ನಿಂತ ಮರಗಳ ನಡುವೆ ಸ್ಕೀ ಹೊತ್ತು ಅಲೆಯುತ್ತಾರೆ. 

ಉತ್ತರದ ಬೇಕರ್ ಪರ್ವತದಲ್ಲಿ ಈಸ್ಟನ್, ಸ್ಕ್ವಾಕ್, ಕೋಲ್‌ಮನ್ ಹಿಮನದಿಗಳಿವೆ. ಇಲ್ಲಿ ಹಗ್ಗವಿಲ್ಲದೆ ಹೋಗುವುದು ಜಾಣತನವಲ್ಲ. ಸೇಂಟ್ ಹೆಲೆನ್ಸ್‌ನಲ್ಲಿ ಮೇ ತಿಂಗಳ ತಾಯಂದಿರ ದಿನ ಗಂಡಸರು ಹೆಂಗಸರೆನ್ನದೆ ಫ್ರಾಕು ತೊಟ್ಟು ಸ್ಕೀ ಮಾಡುವ ರೂಢಿಯಿದೆ. ಜೂನ್ ದಾಟಿದರೆ ಅಲ್ಲಿ ಬೂದಿ ಮತ್ತು ಕಲ್ಲಷ್ಟೇ. ಹುಡ್ ಪರ್ವತದ ಪಾಮರ್ ಹಿಮಬಯಲಿನ ಕತೆ ಬೇರೆ. 1937ರಲ್ಲಿ ಅಧ್ಯಕ್ಷ ಫ್ರ್ಯಾಂಕ್ಲಿನ್ ರೂಸ್‌ವೆಲ್ಟ್ ಉದ್ಘಾಟಿಸಿದ ಟಿಂಬರ್‌ಲೈನ್ ಲಾಡ್ಜ್‌ನಿಂದ ಅಲ್ಲಿಗೆ ಲಿಫ್ಟ್ ಇದೆ. ಬೇಸಿಗೆಯಲ್ಲಿ ಸ್ಪರ್ಧಾಳುಗಳ ತರಬೇತಿ ನಡೆಯುತ್ತದೆ. ಹಿಮ ಗಟ್ಟಿಯಾಗಿರಲೆಂದು ಉಪ್ಪು ಎರಚುತ್ತಾರೆ. ಉಪ್ಪು ಹಿಮದ ಮೇಲಿನ ಒಂದಷ್ಟನ್ನು ಕರಗಿಸುತ್ತದೆ; ಕರಗಲು ಬೇಕಾದ ಶಾಖವನ್ನು ಸುತ್ತಲಿನ ಒದ್ದೆ ಹಿಮದಿಂದ ಹೀರುವುದರಿಂದ ಅದು ಹೆಪ್ಪುಗಟ್ಟುತ್ತದೆ. ಸ್ಕೀ ಹೊತ್ತು ಹತ್ತುವವರು ಲಿಫ್ಟಿನಲ್ಲಿ ಹೋಗಿ ಇಳಿಯುವುದನ್ನು ಬೇಸಿಗೆ ಸ್ಕೀಯಿಂಗ್ ಲೆಕ್ಕಕ್ಕೆ ಸೇರಿಸಬೇಕೋ ಬೇಡವೋ ಎಂದು ಇನ್ನೂ ಜಗಳವಾಡುತ್ತಾರೆ.

ಅಪಾಯಗಳು

ಚಳಿಗಾಲದ ದೊಡ್ಡ ಹಿಮಕುಸಿತಗಳು ಬೇಸಿಗೆಯಲ್ಲಿ ಅಪರೂಪ. ಹೆಪ್ಪುಗಟ್ಟದ ಬಿಸಿ ರಾತ್ರಿಗಳ ನಂತರ ಒದ್ದೆ ಹಿಮ ಸಡಿಲಾಗಿ ಹರಿದು ಬರುವುದುಂಟು. ಅದರ ವೇಗ ಕಡಿಮೆಯಾದರೂ ಭಾರ ಹೆಚ್ಚು, ಮನುಷ್ಯನನ್ನು ಬಂಡೆಯಂಚಿಗೆ ತಳ್ಳಲು ಸಾಕು. ಇದಕ್ಕಿಂತ ಕಪಟಿಯಾದದ್ದು ಹಿಮನದಿಯ ಬಿರುಕು. ಜೂನ್‌ನಲ್ಲಿ ಅದರ ಮೇಲೆ ದಪ್ಪನೆಯ ಹಿಮಸೇತುವೆ ಇರುತ್ತದೆ. ಆಗಸ್ಟಿನಲ್ಲಿ ಅದು ತೆಳುವಾಗಿ, ನಡುವೆ ಸ್ವಲ್ಪ ಕುಸಿದು, ಬೂದುಬಣ್ಣದ ಗೆರೆಯಾಗಿ ಕಾಣುತ್ತದೆ. ಬಂಡೆಯ ಪಕ್ಕದಲ್ಲೂ ಹಿಮ ಕರಗಿ ಆಳದ ಕಂದಕ ಬಿಟ್ಟಿರುತ್ತದೆ. ಬಂಡೆ ಬಿಸಿಲಿಗೆ ಕಾಯುವುದೇ ಇದಕ್ಕೆ ಕಾರಣ. ಹಿಮದ ಅಡಿಯಲ್ಲಿ ಹರಿಯುವ ತೊರೆಗಳು ಚಾವಣಿಯನ್ನು ಟೊಳ್ಳು ಮಾಡಿರುತ್ತವೆ.

ಮ್ಯೂರ್ ಹಿಮಬಯಲಿನಲ್ಲಿ ಜನ ಸತ್ತಿರುವುದು ಹೆಚ್ಚಾಗಿ ಬಿರುಕಿನಿಂದಲ್ಲ, ಮೋಡದಿಂದ. ಸಾಗರದಿಂದ ಬಂದ ಮೋಡ ಕಾಲುಗಂಟೆಯಲ್ಲಿ ಬೆಟ್ಟವನ್ನು ನುಂಗುತ್ತದೆ. ನೆಲವೂ ಬಿಳಿ, ಆಕಾಶವೂ ಬಿಳಿ; ಏರಿನಲ್ಲಿದ್ದೇವೋ ಇಳಿಜಾರಿನಲ್ಲಿದ್ದೇವೋ ತಿಳಿಯದು. ಇಳಿಯುವವರ ಬಲಕ್ಕೆ ನಿಸ್ಕ್ವಾಲಿ ಹಿಮನದಿಯ ಮೇಲಿನ ಕಡಿದಾದ ಪ್ರಪಾತಗಳು, ಎಡಕ್ಕೆ ಬಿರುಕುಗಳುಳ್ಳ ಪ್ಯಾರಡೈಸ್ ಹಿಮನದಿ. ಸುಲಭವಾಗಿ ಇಳಿದುಹೋಗುವ ದಾರಿ ಸರಿಯಾದ ದಾರಿಯಲ್ಲ. ರೇನಿಯರ್ ರಾಷ್ಟ್ರೀಯ ಉದ್ಯಾನದವರು ಯಾವ ಹಂತದಲ್ಲಿ ದಿಕ್ಸೂಚಿಯನ್ನು ಎಷ್ಟು ಡಿಗ್ರಿಗೆ ಇಟ್ಟುಕೊಳ್ಳಬೇಕೆಂದು ತಿಳಿಸುವ ಪಟ್ಟಿಯನ್ನೇ ಕೊಡುತ್ತಾರೆ. ಉಳಿದ ತೊಂದರೆಗಳು ಚಿಕ್ಕವು: ಹಿಮದಿಂದ ಮೇಲಕ್ಕೆ ಚಿಮ್ಮುವ ಬಿಸಿಲು ಮೂಗಿನ ಹೊಳ್ಳೆಯ ಒಳಗನ್ನೂ, ಬಾಯಿ ತೆರೆದು ಏದುಸಿರು ಬಿಡುವವರ ಅಂಗುಳನ್ನೂ ಸುಡುತ್ತದೆ. ಕಪ್ಪು ಕನ್ನಡಕ ಮರೆತವರು ಸಂಜೆಗೆ ಕಣ್ಣು ಬಿಡಲಾರರು.

ಹಿಮನದಿಗಳ ಕುಗ್ಗುವಿಕೆ

ಅಲಾಸ್ಕವನ್ನು ಬಿಟ್ಟರೆ ಅಮೆರಿಕದಲ್ಲಿ ಅತಿ ಹೆಚ್ಚು ಹಿಮನದಿ ಹೊತ್ತಿರುವ ಪರ್ವತ ರೇನಿಯರ್. ಅಲ್ಲಿನ ನಿಸ್ಕ್ವಾಲಿ ಹಿಮನದಿಯ ತುದಿ ಎಲ್ಲಿತ್ತು ಎಂಬುದರ ದಾಖಲೆ 1857ರಿಂದಲೇ ಇದೆ. ಕುಗ್ಗುವಿಕೆ ಒಂದೇ ಸಮನೆ ನಡೆದಿಲ್ಲ. ಇಪ್ಪತ್ತನೇ ಶತಮಾನದ ನಡುಭಾಗದಲ್ಲಿ ಹವೆ ತಂಪಾಗಿ ಹಿಮ ಹೆಚ್ಚಿದಾಗ ನಿಸ್ಕ್ವಾಲಿ ಸೇರಿದಂತೆ ಹಲವು ಹಿಮನದಿಗಳು ಮುಂದಕ್ಕೆ ಬಂದಿದ್ದವು. 1980ರ ದಶಕದ ನಂತರ ಇಳಿಮುಖವೇ. ರಾಷ್ಟ್ರೀಯ ಉದ್ಯಾನದ ಭೂವಿಜ್ಞಾನಿಗಳ ಲೆಕ್ಕದಂತೆ 1896ರಿಂದ 2021ರವರೆಗೆ ರೇನಿಯರ್‌ನ ಹಿಮನದಿಗಳ ವಿಸ್ತೀರ್ಣ ಸುಮಾರು ಶೇ. 42ರಷ್ಟು ಕಡಿಮೆಯಾಗಿದೆ.

ಪ್ಯಾರಡೈಸ್ ಹಿಮನದಿಯ ಗುಹೆಗಳು ಒಂದು ಕಾಲಕ್ಕೆ ದೊಡ್ಡ ಪ್ರವಾಸಿ ಆಕರ್ಷಣೆ. ನೀಲಿ ಬೆಳಕು ಸೋಸಿ ಬರುವ ಮಂಜುಗಡ್ಡೆಯ ಸುರಂಗಗಳೊಳಗೆ ಜನ ಕುಟುಂಬ ಸಮೇತ ನಡೆದಾಡುತ್ತಿದ್ದರು. 1990ರ ದಶಕದ ಆರಂಭದ ಹೊತ್ತಿಗೆ ಗುಹೆಗಳು ಕುಸಿದು ಕರಗಿಯೇ ಹೋದವು. ಅದರ ಪಕ್ಕದ ಸ್ಟೀವನ್ಸ್ ಹಿಮನದಿ ಈಗ ಹಿಮನದಿಗಳ ಪಟ್ಟಿಯಲ್ಲಿಲ್ಲ. 2023ರ ವರದಿಯಲ್ಲಿ ಉದ್ಯಾನದವರು ಅದನ್ನು ಕೈಬಿಟ್ಟರು. ಉತ್ತರ ಕ್ಯಾಸ್ಕೇಡ್‌ನ ಹಿನ್‌ಮನ್ ಹಿಮನದಿಗೂ ಇದೇ ಗತಿ. 1980ರ ದಶಕದಿಂದ ಪ್ರತಿ ಆಗಸ್ಟಿನಲ್ಲಿ ಉತ್ತರ ಕ್ಯಾಸ್ಕೇಡ್‌ಗೆ ಬಂದು ಹಿಮನದಿಗಳನ್ನು ಅಳೆಯುತ್ತ ಬಂದಿರುವ ಮೌರಿ ಪೆಲ್ಟೊ ಹೀಗೆ ಹೆಸರು ಅಳಿಸಬೇಕಾದ ಹಿಮನದಿಗಳನ್ನು ಒಂದೊಂದಾಗಿ ಗುರುತಿಸಿದ್ದಾರೆ. ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆ ಸೌತ್ ಕ್ಯಾಸ್ಕೇಡ್ ಹಿಮನದಿಯ ಜಮಾಖರ್ಚನ್ನು 1950ರ ದಶಕದ ಕೊನೆಯಿಂದ ಬಿಡದೆ ಬರೆದಿಟ್ಟಿದೆ. ಖರ್ಚಿನ ವರ್ಷಗಳೇ ಹೆಚ್ಚು.

ಒಂದೇ ಒಂದು ಹಿಮನದಿ ತದ್ವಿರುದ್ಧ. 1980ರ ಮೇ 18ರಂದು ಸೇಂಟ್ ಹೆಲೆನ್ಸ್ ಸ್ಫೋಟಿಸಿದಾಗ ಅದರ ಮೇಲಿದ್ದ ಹಿಮನದಿಗಳ ಬಹುಭಾಗ ಹಾರಿಹೋಯಿತು. ಆಮೇಲೆ ಉತ್ತರಕ್ಕೆ ಬಾಯ್ದೆರೆದ ಕುಳಿಯ ನೆರಳಿನಲ್ಲಿ ಹಿಮ ಮತ್ತು ಕಲ್ಲು ಸೇರಿ ಹೊಸ ಹಿಮನದಿಯೊಂದು ಹುಟ್ಟಿ ಬೆಳೆಯಿತು. ನೆರಳು ಎಷ್ಟು ಮುಖ್ಯ ಎಂಬುದಕ್ಕೆ ಇದು ಸಾಕ್ಷಿ, ಹವೆ ತಣ್ಣಗಾಗುತ್ತಿದೆ ಎಂಬುದಕ್ಕಲ್ಲ.

ಸ್ಕೀ ಮಾಡುವವರಿಗೆ ನಷ್ಟ ಎರಡು ಬಗೆಯಲ್ಲಿ ಬರುತ್ತದೆ. ಮೊದಲನೆಯದು ಚಳಿಗಾಲದಲ್ಲಿ. 2015ರಲ್ಲಿ ವಾಷಿಂಗ್ಟನ್ ರಾಜ್ಯಕ್ಕೆ ಹೆಚ್ಚುಕಡಿಮೆ ಎಂದಿನಷ್ಟೇ ಮಳೆ ಬಂತು, ಆದರೆ ಬೆಚ್ಚಗಿನ ಚಳಿಗಾಲದಿಂದಾಗಿ ಬೆಟ್ಟಗಳ ಮೇಲೂ ಅದು ಹಿಮವಾಗದೆ ನೀರಾಗಿಯೇ ಬಿತ್ತು. ಮೇ ತಿಂಗಳಲ್ಲಿ ಇಡೀ ರಾಜ್ಯಕ್ಕೆ ಬರಗಾಲ ಘೋಷಣೆಯಾಯಿತು. ಎರಡನೆಯದು ಬೇಸಿಗೆಯಲ್ಲಿ. 2021ರ ಜೂನ್ ಕೊನೆಯ ಬಿಸಿಗಾಳಿಯಲ್ಲಿ ಸಿಯಾಟಲ್ ನಗರ 42.2 ಡಿಗ್ರಿ ಸೆಲ್ಸಿಯಸ್ ಕಂಡಿತು. ರಾತ್ರಿಯ ಹೆಪ್ಪು ಶಿಖರದೆತ್ತರದಲ್ಲೂ ನಿಂತುಹೋಗಿ, ಹಿಮ ವಾರಗಳಷ್ಟು ಮುಂಚೆ ಕರಗಿತು. ಬೇಸಿಗೆ ಕೊನೆಯ ಕಾಳ್ಗಿಚ್ಚಿನ ಹೊಗೆ ಈಗ ಮೂರನೆಯ ಅಡ್ಡಿ. ಹೊಗೆಯಲ್ಲಿ ಹತ್ತಲಾಗುವುದಿಲ್ಲ, ಬಿದ್ದ ಬೂದಿ ಹಿಮವನ್ನು ಕಪ್ಪಾಗಿಸುತ್ತದೆ.

ಜೂನ್‌ನ ಸ್ಕೀಯಿಂಗ್‌ಗೆ ಇದರಿಂದ ಸದ್ಯಕ್ಕೆ ದೊಡ್ಡ ಧಕ್ಕೆಯಿಲ್ಲ. 16 ಮೀಟರ್ ಬೀಳುವ ಕಡೆ 12 ಬಿದ್ದರೂ ಜೂನ್‌ಗೆ ಸಾಕು. ಪೆಟ್ಟು ಬಿದ್ದಿರುವುದು ಕೊನೆಯ ತಿಂಗಳುಗಳಿಗೆ. ಮ್ಯೂರ್ ಹಿಮಬಯಲಿನಲ್ಲೇ ಸೆಪ್ಟೆಂಬರ್ ಹೊತ್ತಿಗೆ ಹಳೆಯ ಮಂಜುಗಡ್ಡೆ ಹೊರಬಂದು ಬಿರುಕುಗಳು ತೆರೆದುಕೊಳ್ಳುತ್ತವೆ. ಬಿರುಕಿನ ಭಯವಿಲ್ಲ ಎಂದು ಹೆಸರಾದ ಜಾಗದಲ್ಲಿ ಹಗ್ಗ ಬೇಕೇ ಎಂದು ಯೋಚಿಸುವಂತಾಗಿದೆ. ಮೊದಲು ಫರ್ನ್ ಸಿಗುತ್ತಿದ್ದ ಪುಟ್ಟ ಹಿಮನದಿಗಳಲ್ಲಿ ಈಗ ಸಿಗುವುದು ಜಲ್ಲಿ. ಅಕ್ಟೋಬರ್ ವ್ರತ ಕಾಯಲು ನಾಲ್ಕಾರು ತಿರುವಿಗಾಗುವಷ್ಟು ಹಿಮದ ತುಣುಕನ್ನು ಹುಡುಕಿಕೊಂಡು ಗಂಟೆಗಟ್ಟಲೆ ನಡೆಯುವವರನ್ನು ಕಂಡು ನಗಬಹುದು. ಆದರೆ ಬೆಟ್ಟದ ಯಾವ ಮೂಲೆಯಲ್ಲಿ ಎಷ್ಟು ಹಿಮ ಉಳಿದಿದೆ ಎಂಬುದನ್ನು ಉಪಗ್ರಹಕ್ಕಿಂತ ನಿಖರವಾಗಿ ಬಲ್ಲವರು ಅವರೇ.

ಇತರೆಡೆ

ಆಲ್ಪ್ಸ್‌ನಲ್ಲಿ ಬೇಸಿಗೆ ಸ್ಕೀಯಿಂಗ್ ಎಂದರೆ ಹಿಮನದಿಯ ಮೇಲೆ ನಿಲ್ಲಿಸಿದ ಲಿಫ್ಟುಗಳ ಉದ್ಯಮ. ಅದು ಸೊರಗುತ್ತಿದೆ. 2022ರ ಜುಲೈ ಕೊನೆಯಲ್ಲಿ ಸ್ವಿಟ್ಜರ್‌ಲೆಂಡಿನ ಜೆರ್ಮಾಟ್ ಕೂಡ ಹಿಮ ಸಾಲದೆ ಬೇಸಿಗೆ ಸ್ಕೀಯಿಂಗ್ ಅನ್ನು ತಡೆಹಿಡಿಯಿತು. 2022 ಮತ್ತು 2023ರ ಎರಡೇ ವರ್ಷಗಳಲ್ಲಿ ಆ ದೇಶದ ಹಿಮನದಿಗಳು ಗಾತ್ರದಲ್ಲಿ ಶೇ. 10ರಷ್ಟನ್ನು ಕಳೆದುಕೊಂಡವು. ಬೊಲಿವಿಯಾದ ಚಕಾಲ್ಟಾಯಾ ಒಂದು ಕಾಲಕ್ಕೆ ಜಗತ್ತಿನ ಅತಿ ಎತ್ತರದ ಸ್ಕೀ ತಾಣ. ಅದರ ಹಿಮನದಿ 2009ರಲ್ಲಿ ಇಲ್ಲವಾಯಿತು.

ಹಿಮಾಲಯದಲ್ಲಿ ಕ್ಯಾಸ್ಕೇಡ್ ಬಗೆಯ ಬೇಸಿಗೆ ಸ್ಕೀಯಿಂಗ್ ಬೆಳೆಯಲಿಲ್ಲ. ಅಲ್ಲಿ ಜುಲೈ, ಆಗಸ್ಟ್ ಮುಂಗಾರಿನ ತಿಂಗಳು; ಮೋಡ ಮುಚ್ಚಿದ ರಾತ್ರಿಯಲ್ಲಿ ಹೆಪ್ಪು ಕಟ್ಟುವುದಿಲ್ಲ. ಅನೇಕ ಹಿಮನದಿಗಳ ಕೆಳಭಾಗ ಕಲ್ಲುಮಣ್ಣಿನಿಂದ ಮುಚ್ಚಿದೆ. ಮೇ, ಜೂನ್‌ನಲ್ಲಿ ರೋಹ್ತಾಂಗ್ ಕಣಿವೆದಾರಿಯ (3,978 ಮೀ.) ಬಳಿ ಬಾಡಿಗೆ ಸ್ಕೀ ತೊಟ್ಟು ಫೋಟೊ ತೆಗೆಸಿಕೊಳ್ಳುವುದೇ ನಮ್ಮವರಿಗೆ ಪರಿಚಿತವಾದ ಬೇಸಿಗೆ ಸ್ಕೀಯಿಂಗ್. ಹಿಮವನ್ನೇ ಕಾಣದ ಕರ್ನಾಟಕದಿಂದಲೂ ಸ್ಕೀಪಟುಗಳು ಬಂದಿದ್ದಾರೆ. ಕೊಡಗಿನ ತೆಕ್ಕಡ ಭವಾನಿ ಖೇಲೋ ಇಂಡಿಯಾ ಚಳಿಗಾಲದ ಕೂಟದಲ್ಲಿ ಚಿನ್ನ ಗೆದ್ದವರು. ಆದರೆ ಅವರದು ಏರು, ಇಳಿವು, ಸಮತಟ್ಟು ಸೇರಿದ ಹಾದಿಯಲ್ಲಿ ಓಡುವ ಕ್ರಾಸ್‌ಕಂಟ್ರಿ ಪ್ರಕಾರ.

ಸಿಯಾಟಲ್ ಸುತ್ತಮುತ್ತಲ ಕಂಪನಿಗಳಲ್ಲಿ ದುಡಿಯುವ ಕನ್ನಡಿಗರು ಬಹಳ. ಆಗಸ್ಟಿನಲ್ಲಿ ಊರಿನಿಂದ ಬಂದ ಅಪ್ಪ ಅಮ್ಮಂದಿರನ್ನು ಪ್ಯಾರಡೈಸ್‌ನ ಹೂಗಳನ್ನು ತೋರಿಸಲು ಕರೆದೊಯ್ಯುವುದು ಅಲ್ಲಿ ಸಾಮಾನ್ಯ. ಹಾಗೆ ಹೋದವರಲ್ಲಿ ಯಾರಾದರೂ ಉತ್ಸಾಹಕ್ಕೆ ಹಿಮಬಯಲಿನ ಮೇಲೆ ಹೆಜ್ಜೆ ಹಾಕುವುದಾದರೆ, ಮ್ಯೂರ್ ಶಿಬಿರದಿಂದ ಮೇಲಕ್ಕೆ ಅಥವಾ ಹಿಮನದಿಯ ಮೇಲೆ ಹೋಗಲು ಪರವಾನಗಿ ಬೇಕೆಂಬುದು ನೆನಪಿರಲಿ. ಕೆಳಗಿನ ರೇಂಜರ್ ಕಚೇರಿಯಲ್ಲಿ ಆ ದಿನದ ಹವೆ ಕೇಳಿ, ದಿಕ್ಸೂಚಿಯ ಪಟ್ಟಿ ಪಡೆದುಕೊಂಡು ಹೊರಡಿ. ಪಶ್ಚಿಮದಲ್ಲಿ ಮೋಡ ಕಟ್ಟುವುದು ಕಂಡರೆ, ಶಿಬಿರ ಕಣ್ಣಳತೆಯಲ್ಲೇ ಇದ್ದರೂ ಹಿಂದಿರುಗಿ ಇಳಿಯಿರಿ.